ಕಬಡ್ಡಿ ಅಂಗಳಕ್ಕೆ ಕ್ಯಾಮೆರಾ ಬಂದ ಮೇಲೆ

ಆಟದ ಅಂಗಳದಲ್ಲಿ ಏನೂ ನಡೆಯದೆ ಸುಮ್ಮನೆ ಮನೆಗೆ ಬಂದ ದಿನ ನನಗೆ ನೆನಪಿಲ್ಲ. ಮೂವತ್ತು ವರ್ಷ ಮಹಾರಾಷ್ಟ್ರದ ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಆಟ ಕಲಿಸಿದೆ. ಕಬಡ್ಡಿಗೆ ಪಂಚನಾಗಿ ಸೀಟಿ ಊದಿ ತೀರ್ಪು ಕೊಡುವ ಕೆಲಸ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಮೊದಲೆಲ್ಲ ಅಂಗಳದಲ್ಲಿ ಆದದ್ದು ನಾಲ್ಕು ದಿನಕ್ಕೆ ಮರೆತುಹೋಗುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಮೊಬೈಲು, ಯಾವುದನ್ನೂ ಮರೆಯಲು ಬಿಡುವುದಿಲ್ಲ. ಹೋದ ಚಳಿಗಾಲ ನಮ್ಮೂರಿನಲ್ಲಿ ಹುಡುಗಿಯರ ಕಬಡ್ಡಿ ಪಂದ್ಯಗಳು ಮೂರು ದಿನ ನಡೆದವು. ಇದೆಲ್ಲ ಆ ಮೂರು ದಿನಗಳ ಮಾತು.

ಸಾಕ್ಷಿ

ಮೊದಲ ದಿನವೇ ಒಬ್ಬ ಹುಡುಗಿಯನ್ನು ಔಟ್ ಕೊಟ್ಟೆ. ಅವಳ ತಾಯಿ ಜನರನ್ನು ಸೀಳಿಕೊಂಡು ನೇರ ಅಂಗಳದೊಳಗೆ ಬಂದಳು. ಕೈಯಲ್ಲಿ ಮೊಬೈಲು.

"ಗುರೂಜಿ, ನಿಂದರ್ರಿ. ನನ್ನ ಕಡೆ ವಿಡಿಯೋ ಐತಿ. ನೋಡಿ ಹೇಳ್ರಿ."

ನ್ಯಾಯ ಎಂದರೆ ನ್ಯಾಯ. ಆಟ ನಿಲ್ಲಿಸಿ ಚಸ್ಮಾ ಹಾಕಿಕೊಂಡೆ. ವಿಡಿಯೋದ ತುಂಬ ಅವಳ ಮಗಳ ಮುಖ. ಎದುರಾಳಿ ಇಲ್ಲ, ಗೆರೆ ಇಲ್ಲ, ಕಾಲು ಸಹ ಇಲ್ಲ.

"ತಾಯಿ, ಇದರಾಗ ಮುಟ್ಟಿದ್ದು ಎಲ್ಲಿ ಕಾಣ್ತೈತಿ?"

"ಅದು ನನಗ ಗೊತ್ತಿಲ್ರಿ," ಎಂದಳು ಆಕೆ. "ಖರೇ ಹೇಳ್ರಿ, ಇಂಥಾ ಮುಖದಾಕಿ ಔಟ್ ಆಗ್ತಾಳೇನ್ರಿ?"

ತೂಕ

ನಮ್ಮೂರ ತಂಡದಲ್ಲಿ ಆಡಬಲ್ಲವರು ಏಳೇ ಹುಡುಗಿಯರು ಉಳಿದಿದ್ದರು. ಉಳಿದ ಮೂವರಿಗೆ ಜ್ವರ. ಏಳರಲ್ಲಿ ಒಬ್ಬಳು ತಪ್ಪಿದರೂ ತಂಡ ಇಳಿಯುವ ಹಾಗಿರಲಿಲ್ಲ. ತೂಕ ಐವತ್ತೈದು ಕಿಲೋ ದಾಟಬಾರದೆಂಬ ನಿಯಮ. ಹಿಂದೆ ಕಿರಾಣಿ ಅಂಗಡಿಯ ಮುಳ್ಳಿನ ತೂಕದ ಕಾಟಾದಲ್ಲಿ ನಿಲ್ಲಿಸುತ್ತಿದ್ದೆವು. ಮುಳ್ಳು ಸ್ವಲ್ಪ ಅಲುಗಾಡುತ್ತಿತ್ತು, ನಾವೂ ಸ್ವಲ್ಪ ಕಣ್ಣು ಮುಚ್ಚುತ್ತಿದ್ದೆವು. ಈಗ ಬಂದಿರುವುದು ಎಲೆಕ್ಟ್ರಾನಿಕ್ ಕಾಟಾ. ಅದಕ್ಕೆ ಕರುಣೆ ಇಲ್ಲ.

ತಂಡದ ನಾಯಕಿ ನಿಂತಳು. ನೂರೆಂಬತ್ತು ಗ್ರಾಂ ಹೆಚ್ಚು.

ಬೆಳಗಿನಿಂದ ನೀರನ್ನೂ ಕುಡಿಯದ ಹುಡುಗಿ. ಕಣ್ಣಲ್ಲಿ ನೀರು ತುಂಬಿತು. ತೂಕ ನೋಡುವ ಶಿಕ್ಷಕಿ ಅರ್ಧ ತಾಸು ಸಮಯ ಕೊಟ್ಟಳು. ಅವಳು ಬಳೆ, ಕಾಲ್ಗೆಜ್ಜೆ, ಕೂದಲ ಪಿನ್ನುಗಳನ್ನೆಲ್ಲ ಬಿಚ್ಚಿ ನನ್ನ ಕೈಗಿಟ್ಟು ಮೈದಾನ ಸುತ್ತತೊಡಗಿದಳು. ಎಷ್ಟು ಓಡಿದೆ, ಎಷ್ಟು ಕರಗಿತು ಎಂದು ಮೊಬೈಲೇ ಲೆಕ್ಕ ಹೇಳುತ್ತದಂತೆ. ಹತ್ತು ಸುತ್ತು ಓಡಿ, ಬೆವರು ಸುರಿಸುತ್ತ ಬಂದು ನಿಂತಳು. ಇನ್ನೂ ನೂರು ಗ್ರಾಂ ಹೆಚ್ಚು. ತಂಡದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು.

ಅಷ್ಟರಲ್ಲಿ ಕಾಟಾದ ಮೇಲೆ ನಿಂತಿದ್ದ ಅವಳ ಕಿಸೆಯೊಳಗೆ ಮೊಬೈಲು ರಿಂಗಾಯಿತು!

ತೆಗೆದು ಸ್ಪೀಕರ್ ಹಾಕಿ ನೆಲದ ಮೇಲೆ ಇಟ್ಟಳು. ಐವತ್ತೈದಕ್ಕೆ ಎಂಬತ್ತು ಗ್ರಾಂ ಕಡಿಮೆಯೇ ಬಂತು. ಮೊಬೈಲಿನಲ್ಲಿ ಅವಳ ತಾಯಿ ಒಂದೇ ಸಮನೆ ಕೇಳುತ್ತಿದ್ದಳು, "ತೂಕ ಇಳೀತೇನವಾ?"

"ಹೂನವ್ವಾ," ಎಂದಳು ಮಗಳು, "ನಿನ್ನ ಕೆಳಗ ಇಟ್ಟ ಮ್ಯಾಲ ಇಳೀತು."

ಕಿಟಕಿ

ನನಗೆ ಕಬಡ್ಡಿ ಕಲಿಸಿದ ಗುರುಗಳ ಮನೆ ಮೈದಾನದ ಗೋಡೆಗೆ ಹೊಂದಿಕೊಂಡೇ ಇದೆ. ಸೊಂಟ ಮುರಿದು ಹಾಸಿಗೆ ಹಿಡಿದು ವರ್ಷ ದಾಟಿತು. ನೂರು ಹೆಜ್ಜೆ ದೂರದ ಆಟವನ್ನು ಅವರು ನೋಡಬೇಕಾದದ್ದು ಮೊಬೈಲಿನಲ್ಲಿ, ನೇರ ಪ್ರಸಾರದಲ್ಲಿ.

ಎರಡನೆಯ ದಿನ ಮಧ್ಯಾಹ್ನ, ನನ್ನ ಪಾಳಿ ಇಲ್ಲದ ಹೊತ್ತಿನಲ್ಲಿ, ಮಾತಾಡಿಸಲು ಹೋದರೆ ಮಂಚದ ಸುತ್ತ ಹತ್ತು ಜನ. ಹುಡುಗಿಯೊಬ್ಬಳು ರೇಡಿಗೆ ಹೊರಡುತ್ತಿದ್ದಳು. ಗುರುಗಳು ಕಣ್ಣು ಮುಚ್ಚಿ ಹೇಳಿದರು, "ಈಕಿ ಸಿಗ್ತಾಳ." ಸಿಕ್ಕಳು. ಇನ್ನೊಬ್ಬಳು ಹೊರಟಳು. "ಈಕಿ ಪಾಯಿಂಟ್ ತರ್ತಾಳ." ತಂದಳು. ಒಂದೂ ತಪ್ಪಲಿಲ್ಲ. ಒಬ್ಬ ಹೆಣ್ಣುಮಗಳು ಕೈಮುಗಿದು, ತನ್ನ ಮಗನಿಗೆ ಈ ವರ್ಷ ಕನ್ಯೆ ಸಿಗುತ್ತಾಳೋ ಇಲ್ಲವೋ ಎಂದು ಕೇಳಿಯೇಬಿಟ್ಟಳು.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ, "ಗುರುಗಳ, ಇದು ಹ್ಯಾಂಗ ತಿಳೀತದ್ರಿ ನಿಮಗ?"

ತಲೆದಿಂಬಿನ ಹತ್ತಿರದ ಕಿಟಕಿ ತೋರಿಸಿದರು. "ಮೈದಾನದಾಗಿನ ಕೂಗು ಇಲ್ಲಿ ಮೊದಲ ಬರ್ತೈತಿ. ಮೊಬೈಲಿನಾಗ ಅದ ಆಟ ಅರ್ಧ ನಿಮಿಷ ತಡಾ. ನಮ್ಮ ಮಂದಿ ಗೆದ್ರ ಒಂದು ಕೂಗು, ಸೋತ್ರ ಒಂದು ಕೂಗು. ಐವತ್ತು ವರ್ಷ ಕೇಳೇನಿ."

"ಮಂದಿಗೆ ಹೇಳಬೇಕಲ್ರಿ?"

"ಹಾಸಿಗಿ ಹಿಡದಾಗಿಂದ ನನ್ನ ಮಾತ ಯಾರೂ ಕೇಳಿರ್ಲಿಲ್ಲಪಾ," ಎಂದರು. "ನಾಳೆ ಫೈನಲ್ ಐತಿ. ಅದೊಂದು ಮುಗೀಲಿ. ಆ ಹೆಣ್ಣಮಗಳಿಗೆ ಮಾತ್ರ ಹೇಳು, ಕನ್ಯಾದ ಕೂಗು ಕಿಟಕ್ಯಾಗ ಬರಂಗಿಲ್ಲಂತ."

ಗೆರೆ

ಕೊನೆಯದು ನನ್ನದೇ.

ವಳಸಂಗದ ಕಡೆಯ ಒಬ್ಬ ರೈತ ನನ್ನ ಹಳೆಯ ಗೆಳೆಯ. ಪ್ರಾಯದಲ್ಲಿ ಈ ಭಾಗದ ಹೆಸರಾಂತ ರೇಡರ್. ಇಪ್ಪತ್ತಾರು ವರ್ಷಗಳ ಹಿಂದೆ ಒಂದು ಫೈನಲ್ಲಿನ ಕೊನೆಯ ರೇಡಿನಲ್ಲಿ ಇಬ್ಬರು ಅವನ ಕಾಲು ಹಿಡಿದರು. ಅವನು ಬೋರಲು ಬಿದ್ದು ನಡುಗೆರೆಗೆ ಕೈ ಚಾಚಿದ. ಕೈ ಮುಟ್ಟಲಿಲ್ಲವೆಂದು ನಾನು ಸೀಟಿ ಊದಿದೆ. ಅವನ ತಂಡ ಸೋತಿತು. ಅಂದಿನಿಂದ ಅವನು ನನ್ನ ಸಂಗಡ ಒಂದು ಮಾತೂ ಆಡಿರಲಿಲ್ಲ. ಜತ್ತದ ಸಂತೆಯಲ್ಲಿ ಎದುರಾದರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದ. ನನ್ನ ಮಗಳ ಮದುವೆಗೂ ಬರಲಿಲ್ಲ.

ಫೈನಲ್ ದಿನ ಅವನು ಮೊಮ್ಮಗಳ ಆಟ ನೋಡಲು ಬಂದಿದ್ದ. ಒಂದು ರೇಡಿಗೆ ತಕರಾರು ಬಂತು. ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ಹುಡುಗಿ ಅದನ್ನು ಅಂಗಳದ ಬದಿಗಿಟ್ಟ ಟಿವಿಯಲ್ಲಿ ನಿಧಾನವಾಗಿ ತೋರಿಸಿದಳು. ನನ್ನ ನಿರ್ಣಯ ಬದಲಾಯಿತು. ಆಟ ಮುಗಿದ ಮೇಲೆ ಅವನು ಆ ಹುಡುಗಿಯ ಹತ್ತಿರ ಬಂದು ನಿಂತ.

"ತಂಗಿ, ನನ್ನದೂ ಒಂದು ರೇಡ್ ಐತಿ. ಇಪ್ಪತ್ತಾರು ವರ್ಷದ್ದು. ತೋರಸ್ತೀ?"

"ಅಜ್ಜಾರ, ಆಗ ನಾ ಹುಟ್ಟಿದ್ದಿಲ್ರಿ. ಕ್ಯಾಮೆರಾ ಎಲ್ಲಿಂದ ಬರಬೇಕ್ರಿ?"

ಅವನು ತಲೆ ತಗ್ಗಿಸಿ ತಿರುಗಿದ. ಅದನ್ನು ನೋಡಲಾರದೆ ನಾನೇ ಅಂದೆ, "ಹಂಗ ಹೋಗಬ್ಯಾಡ. ಇನ್ನೊಮ್ಮೆ ಆಡಿ ತೋರಸು. ನಾ ಸೀಟಿ ಊದ್ತೀನಿ, ಆಕಿ ವಿಡಿಯೋ ತಗೀಲಿ."

ನನ್ನನ್ನು ಒಮ್ಮೆ ದಿಟ್ಟಿಸಿ, ಧೋತರ ಮೇಲೆ ಕಟ್ಟಿದ. "ಕಬಡ್ಡಿ ಕಬಡ್ಡಿ" ಎನ್ನುತ್ತ ಹೋದ. ಇಬ್ಬರು ಹುಡುಗಿಯರು ಅಜ್ಜನಿಗೆ ಪೆಟ್ಟಾದೀತೆಂದು ಹೂವು ಹಿಡಿದಂತೆ ಕಾಲು ಹಿಡಿದರು. ಅವನು ಅಂದಿನ ಹಾಗೆಯೇ ಬಿದ್ದು ಕೈ ಚಾಚಿದ. ನಾನೂ ಅಂದಿನ ಹಾಗೆಯೇ, ಕೆನ್ನೆ ಉಬ್ಬಿಸಿ ಸೀಟಿ ಊದಿದೆ.

ಟಿವಿಯ ಮುಂದೆ ಊರೇ ನೆರೆಯಿತು. ನಿಧಾನವಾಗಿ ಅವನ ಕೈ ಮುಂದೆ ಬಂತು. ನಿಧಾನವಾಗಿ ನನ್ನ ಸೀಟಿ ಬಾಯಿಗೆ ಹೋಯಿತು. ಕೈ ಗೆರೆಯ ಹತ್ತಿರ ಬರುವ ಹೊತ್ತಿಗೆ ನನ್ನ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು!

ಹುಡುಗಿ ಮೂರು ದಿನದ ವಿಡಿಯೋ ಹಿಂದೆ ಮುಂದೆ ಓಡಿಸಿದಳು. ಎಲ್ಲೆಲ್ಲಿ ನನ್ನ ಸೀಟಿಯೋ ಅಲ್ಲೆಲ್ಲ ನಾನು ಕಣ್ಣು ಮುಚ್ಚಿದ್ದೆ. ಜನ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನೆಲ ಬಾಯಿ ತೆರೆದರೆ ಒಳಗೆ ಹೋಗಬೇಕೆನ್ನಿಸಿತು. ಮೂವತ್ತು ವರ್ಷದಲ್ಲಿ ಎಷ್ಟು ಜನರ ಆಟ ಹಾಗೆ ಕೆಡಿಸಿದೆನೋ! ಅವನ ಕೈ ಹಿಡಿದು, "ತಪ್ಪಾತೋ ಮಾರಾಯಾ," ಎಂದೆ.

ಅವನು ಟಿವಿಯಲ್ಲಿನ ನನ್ನ ಮುಚ್ಚಿದ ಕಣ್ಣುಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದ.

"ಇರ್ಲಿ ಬಿಡೋ. ಇಷ್ಟು ವರ್ಷ ನೀ ನೋಡಿ ಮೋಸ ಮಾಡ್ದಿ ಅಂತ ಸಿಟ್ಟು ಹಿಡಕೊಂಡು ಕುಂತಿದ್ನಿ. ನೀ ನೋಡೇ ಇಲ್ಲಲ್ಲೋ!"