ಪೋಸ್ಟ್ ತಾತನ ತಿಂಗಳ ಪುಸ್ತಕ

ನಮ್ಮ ಬಸ್ತಿಹಳ್ಳಿ ಬೀದೀಲಿ ಇರೋದು ಎಂಟೇ ಮನೆ. ಆದರೂ ಎಲ್ಲರೂ ಒಂದು ಜಗಲಿ ಮೇಲೆ ಕೂತರೆ ಏನಾದರೊಂದು ಆಗದೆ ಯಾರೂ ಎದ್ದುಹೋದದ್ದಿಲ್ಲ. ಆಗಿದ್ದನ್ನ ಬರೆದುಕೊಳ್ಳೋ ಕೆಲಸ ನನ್ನದು, ಅದಕ್ಕೇ ಗೊತ್ತು.

ಜಗಲಿ ಪೋಸ್ಟ್ ತಾತನದು. ಮೂವತ್ತು ವರ್ಷ ಸುತ್ತಲ ಹಳ್ಳಿಗೆಲ್ಲ ಸೈಕಲ್ಲಲ್ಲಿ ಕಾಗದ ಹಂಚಿ ರಿಟೈರ್ ಆದವರು. ಮನೇಲಿ ಕೂತ ಮೇಲೆ ಯಾರ ಮನೇಲಿ ಏನಾಯ್ತು ಅನ್ನೋದೇ ತಿಳೀತಿಲ್ಲ ಅಂತ ಒಂದು ಉದ್ದನೆ ರಿಜಿಸ್ಟರ್ ತಂದು ಕಾನೂನು ಮಾಡಿದರು. ತಿಂಗಳ ಕೊನೇ ದಿನ ಸಾಯಂಕಾಲ ಮನೆಗೊಬ್ಬರಾದರೂ ಬರಬೇಕು. ಆ ತಿಂಗಳು ತಮ್ಮನೇಲಿ ಆಗಿದ್ದರಲ್ಲಿ ಒಂದೇ ಒಂದು ವಿಷಯ ಹೇಳಬೇಕು. ಹೇಳಿದ್ದನ್ನ ಹೇಳಿದ ಹಾಗೇ ಬರೆದು, ಎಲ್ಲರಿಗೂ ಓದಬೇಕು. ಬರೆದದ್ದನ್ನ ಹೊಡೆದುಹಾಕೋ ಹಾಗಿಲ್ಲ.

"ಇವತ್ತು ಇದೇನು ಮಹಾ ಅನ್ನಿಸ್ತದೆ. ಇಪ್ಪತ್ತು ವರ್ಷ ಆದ್ಮೇಲೆ ಹುಡುಕಿದ್ರೂ ಸಿಗಾಕಿಲ್ಲ ಕಣ್ಲಾ" ಅಂತಿದ್ದರು.

ಒಂದಷ್ಟು ವರ್ಷ ತಾತನೇ ಬರೆದರು. ಆಮೇಲೆ ಎರಡು ಕಣ್ಣಿಗೂ ಪೊರೆ ಬಂತು. ನಾನು ಆಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡನೇ ಸಲ ಫೇಲಾಗಿ, ಬಸದಿಯ ಕನ್ನಡಿಯಂಥ ಕಂಬದಲ್ಲಿ ನನ್ನ ಮುಖ ನೋಡ್ಕೊಂಡು ಓಡಾಡ್ತಿದ್ದೆ. ಅಪ್ಪ ನನ್ನನ್ನ ಅರಸೀಕೆರೇಲಿರೋ ಸೋದರಮಾವನ ಕೊಬ್ಬರಿ ಗೋಡೌನಿಗೆ ಹಾಕೋದು ಅಂತ ತೀರ್ಮಾನ ಮಾಡಿದ್ದರು. ದಿನವಿಡೀ ಒಣಗಿದ ಕಾಯಿ ಸುಲಿಯೋ ಕೆಲಸ. ಮಾವ ಊಟಕ್ಕೆ ಕೂತಾಗಲೂ ನಗದ ಮನುಷ್ಯ. ತಾತ ಅಡ್ಡ ಬಂದರು. "ಹುಡುಗನ ಅಕ್ಷರ ದುಂಡಗೈತಂತೆ, ಪುಸ್ತಕಕ್ಕೆ ಇರ್ಲಿ ಬಿಡು."

ಅಪ್ಪ ಒಪ್ಪಿದರು. ನನಗೆ ಮಾತ್ರ ಹೇಳಿದರು. "ಪುಸ್ತಕದ ವಿಷಯಕ್ಕೆ ಒಂದೇ ಒಂದು ದೂರು ಬರ್ಲಿ, ಮಾರನೇ ದಿನ ಅರಸೀಕೆರೆ ಬಸ್ಸು."

ಎಮ್ಮೆ ಈದ ತಿಂಗಳು

ನಾನು ಬರೆಯೋಕೆ ಕೂತ ಮೊದಲ ತಿಂಗಳೇ ಮೊದಲ ಸರದಿ ಮೂಲೆಮನೆ ಗೌಡರದು. ಅವರು ಗೋಡೆಗೆ ಒರಗಿ ಹೇಳ್ತಾ ಹೋದರು, ನಾನು ಬರೀತಾ ಹೋದೆ. ಆಮೇಲೆ ಎದ್ದುನಿಂತು ಓದಿದೆ.

"ನಮ್ಮ ಎಮ್ಮೆ ಈದೈತೆ. ಹೆಣ್ಗರ. ಏಯ್ ಇವಳೇ, ಎಲೆ ಅಡಿಕೆ ತಟ್ಟೆ ಎಲ್ಲಿಟ್ಟೆ. ಮಂಗಳವಾರ ಬೆಳಿಗ್ಗೆ ಈತು. ಇದ್ಯಾಕೆ ಸುಣ್ಣ ಒಣಗೈತೆ, ಒಂದು ಕೆಲ್ಸ ನೆಟ್ಟಗೆ ಬರಾಕಿಲ್ಲ ನಿಂಗೆ. ಎಮ್ಮೆ ಬಲು ಸಾಧು. ಅದರಂಥದ್ದು ಇನ್ನೊಂದು ಸಿಗಾಕಿಲ್ಲ."

ಜಗಲಿ ಪೂರ್ತಿ ನಕ್ಕಿತು. ಗೌಡರು ನಗಲಿಲ್ಲ. "ಮಧ್ಯದ್ದೆಲ್ಲ ಯಾಕ್ಲಾ ಬರ್ದೆ? ಹೊಡ್ದಾಕು."

"ಹೊಡೆಯೋ ಹಾಗಿಲ್ಲ ಗೌಡ್ರೇ. ಹೇಳಿದ ಹಾಗೇ ಬರೀಬೇಕು ಅಂತ ಕಾನೂನು."

ಗೌಡರು ನಮ್ಮಪ್ಪನ ಕಡೆ ತಿರುಗಿದರು. ದೂರು ಇನ್ನೇನು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರ ಹೆಂಡತಿ ಹೊಸ ಸುಣ್ಣ ಹಾಕಿದ ತಟ್ಟೆ ಹಿಡ್ಕೊಂಡು ಬಂದು ನನ್ನ ಪಕ್ಕ ಕೂತರು.

"ಒಂದಕ್ಷರ ಹೊಡೀಬೇಡ ಕಣಪ್ಪ. ಇವರು ಮನೇಲಿ ಹೆಂಗೆ ಮಾತಾಡ್ತಾರೆ ಅಂತ ನಾನು ತವರುಮನೇಲಿ ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ. ಎಲ್ಲಿ, ಎಮ್ಮೆನ ಹೊಗಳಿರೋದು ಇನ್ನೊಂದ್ಸಲ ಓದು."

ಏನೂ ಆಗಿಲ್ಲ

ನಮ್ಮ ಎದುರುಮನೆಯವರು ಬೇಲೂರಲ್ಲಿ ಯಾವುದೋ ಆಫೀಸಲ್ಲಿ ಗುಮಾಸ್ತರು. ಪ್ರತಿ ತಿಂಗಳೂ ಬಂದು, ವಾಚು ನೋಡಿಕೊಂಡು, "ನಮ್ಮನೇಲಿ ಏನೂ ಆಗಿಲ್ಲ, ಬರ್ಕೊ" ಅಂದು ಹೋಗೋರು. ನಾನು ಹಾಗೇ ಬರ್ಕೊಳ್ತಿದ್ದೆ.

ಐದು ತಿಂಗಳು ಹೀಗಾಯ್ತು. ಆರನೇ ತಿಂಗಳು ಅವರ ಹೆಂಡತಿಯೂ ಜೊತೇಲಿ ಬಂದಿದ್ದರು. ನಾನು ಸುಮ್ಮನಿರಬಹುದಾಗಿತ್ತು.

"ಸಾರ್, ಹಿಂದಿನ ಐದು ತಿಂಗಳದ್ದೂ ಓದಿಬಿಡ್ಲಾ? ಬೇಗ ಮುಗಿಯುತ್ತೆ" ಅಂದು, ಅವರು ಬೇಡ ಅನ್ನೋದರೊಳಗೆ ಓದಿಬಿಟ್ಟೆ. ಏನೂ ಆಗಿಲ್ಲ. ಏನೂ ಆಗಿಲ್ಲ. ಏನೂ ಆಗಿಲ್ಲ. ಏನೂ ಆಗಿಲ್ಲ. ಏನೂ ಆಗಿಲ್ಲ.

ಆಂಟಿ ಮೆಲ್ಲಗೇ ಕೇಳಿದರು. "ಮಗೂಗೆ ಹಲ್ಲು ಬಂತಲ್ಲ ರೀ. ನಾನು ಹೊಲಿಗೆ ಕಲಿತು ನಿಮಗೇ ಶರ್ಟ್ ಹೊಲಿದೆ. ನಿಮ್ಮಮ್ಮ ಬಂದು ನಲವತ್ತು ದಿನ ಇದ್ದು ಹೋದ್ರು. ಏನೂ ಆಗಿಲ್ವಾ?"

ಗುಮಾಸ್ತರು ಆವತ್ತು ವಾಚು ನೋಡಿಕೊಳ್ಳಲಿಲ್ಲ.

ಮುಂದಿನ ತಿಂಗಳು ಅವರು ಬಾಯಲ್ಲಿ ಹೇಳೋದನ್ನೇ ಬಿಟ್ಟು ಒಂದು ಕಾಗದ ತಂದರು. ನಾನು ಓದಿದೆ. "ವಿಷಯ: ಮನೆಯಲ್ಲಿ ನಡೆದ ಘಟನೆಯ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಧರ್ಮಪತ್ನಿಯವರು ದಿನಾಂಕ ಹತ್ತರಂದು ಮೈಸೂರುಪಾಕು ತಯಾರಿಸಿದ್ದು, ಅದು ಚೆನ್ನಾಗಿತ್ತೆಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ."

ಅದರ ಕಾರ್ಬನ್ ಕಾಪಿ ಆಂಟಿ ಕೈಯಲ್ಲಿತ್ತು. ಕೆಳಗೆ ಬರೆದಿತ್ತು, "ಪ್ರತಿ: ಧರ್ಮಪತ್ನಿಯವರ ಮಾಹಿತಿಗಾಗಿ."

ಕೋತಿಯ ಪಾಲು

ಒಂದು ತಿಂಗಳು ನಿಜವಾಗಲೂ ಏನೂ ಆಗಲಿಲ್ಲ. ಇಪ್ಪತ್ತೆಂಟನೇ ತಾರೀಖಾದರೂ ಬೀದೀಲಿ ಒಂದು ಜಗಳ ಕೂಡ ಇಲ್ಲ. ಓದೋನಿಗೆ ಬೇಜಾರು. ಹಳೇಬೀಡಿನ ದೇವಸ್ಥಾನದ ಹತ್ರ ಟೂರಿಸ್ಟುಗಳ ಕೈಯಿಂದ ಕಿತ್ತು ತಿನ್ನೋ ಕೋತಿಗಳಿದ್ದವು. ಒಂದು ಪೊಟ್ಟಣ ಕಡ್ಲೇಕಾಯಿ ತಗೊಂಡು ಹೋಗಿ ದಾರಿಯುದ್ದಕ್ಕೂ ಹಾಕ್ಕೊಂಡು ಬಂದೆ. ಒಂದು ಕೋತಿ ಹಿಂದೇನೇ ಬಂತು. ಮುಂದಿನದು ಅದೇ ನೋಡ್ಕೊಂತು.

ಆ ತಿಂಗಳ ಸಭೆಗೆ ಮೂರು ಮನೆಯವರು ಒಂದೇ ಕೋತಿ ತಗೊಂಡು ಬಂದರು.

"ಮೊದಲು ಹೆಂಚು ತೆಗೆದು ಇಳಿದಿದ್ದು ನಮ್ಮನೇಗೆ" ಅಂದರು ಗೌಡರು.

"ಫೈಲು ಸಮೇತ ನನ್ನ ಬ್ಯಾಗು ಮರ ಹತ್ತಿದೆ" ಅಂದರು ಗುಮಾಸ್ತರು.

"ಬಾಳೆಗೊನೆ ಪೂರ್ತಿ ತಿಂದಿದ್ದು ನಮ್ದು. ಗೊನೆ ಕಳ್ಕೊಂಡೋರ ಮನೇದೇ ಕೋತಿ" ಅಂದರು ನಮ್ಮಮ್ಮ.

ಒಂದೇ ವಿಷಯ ಮೂರು ಮನೆ ಹೆಸರಲ್ಲಿ ಬರೆಯೋ ಹಾಗಿಲ್ಲ. ತಾತ ಬಹಳ ಹೊತ್ತು ಯೋಚಿಸಿ ಪಾಲು ಮಾಡಿದರು. ಕೋತಿ ಬಂದದ್ದು ಗೌಡರಿಗೆ, ತಿಂದದ್ದು ನಮ್ಮಮ್ಮನಿಗೆ, ಹೋದದ್ದು ಗುಮಾಸ್ತರಿಗೆ. ನಮ್ಮಪ್ಪ ಮಾತ್ರ ಜಗಲಿ ತುದೀಲಿ ಕೂತು, "ಈ ಬೀದಿಗೆ ಯಾವತ್ತೂ ಬರದ ಕೋತಿ ಹೆಂಗೆ ಬಂತು?" ಅಂತ ನನ್ನನ್ನೇ ನೋಡ್ತಿದ್ದರು.

ತಾತ ಅಂದರು, "ಅದ್ಯಾಕೆ ಬಂತು ಅನ್ನೋದು ಕೋತಿ ಮನೆ ವಿಷಯ. ಅವರು ಬಂದು ಹೇಳಿದ್ರೆ ಬರ್ಕೊಳ್ಳೋಣ."

ನೀರಿನ ಮಟ್ಟ

ಕೊನೇ ಸರದಿ ಯಾವಾಗಲೂ ತಾತನದೇ. ಅವರದು ಒಂದೇ ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತುಂಬಿದ ಹಳ್ಳ ದಾಟಿ ಯಾರಿಗೋ ಟೆಲಿಗ್ರಾಂ ಮುಟ್ಟಿಸಿದ ಕಥೆ. ಪ್ರತಿ ತಿಂಗಳೂ "ಈ ತಿಂಗಳು ಒಂದು ನೆನಪಾಯ್ತು" ಅಂತಲೇ ಶುರು ಮಾಡೋರು. ಮುಗಿಯೋಕೆ ಮುಕ್ಕಾಲು ಗಂಟೆ. ಅದನ್ನ ಹೇಳಿದ ಹಾಗೇ ಬರೆದಿದ್ದರೆ ನನ್ನ ಕೈ ಬಿದ್ದುಹೋಗಿರೋದು. ನಾನು ಒಂದೊಂದು ಸಾಲು ಬರ್ಕೊಂಡೆ. ಓದು ಅಂದಾಗ ಆ ಒಂದು ಸಾಲು ನೋಡ್ತಾ ಪೂರ್ತಿ ಕಥೆ ಬಾಯಿಪಾಠ ಒಪ್ಪಿಸ್ತಿದ್ದೆ. ಸದ್ದಿಗೆ ಅಂತ ನಡುವೆ ಎರಡು ಸಲ ಹಾಳೆ ತಿರುವುತ್ತಿದ್ದೆ. ತಾತ ಕಣ್ಣು ಮುಚ್ಕೊಂಡು ಕೇಳಿ, "ಒಂದಕ್ಷರ ಬಿಟ್ಟಿಲ್ಲ ನೋಡು" ಅನ್ನೋರು.

ಹೀಗಿರೋವಾಗ ಅವರ ಮಗ ಬಂದು ಹಾಸನಕ್ಕೆ ಕರ್ಕೊಂಡುಹೋಗಿ ಪೊರೆ ತೆಗೆಸಿದ. ತಾತ ಕಪ್ಪು ಕನ್ನಡಕ ಹಾಕ್ಕೊಂಡು ಬಸ್ಸಿಳಿದವರೇ ಅಪ್ಪನಿಗೆ ಹೇಳಿದರು. "ಕಣ್ಣು ಸರಿಹೋದ್ಮೇಲೆ ಮೊದಲು ಓದೋದು ಆ ಪುಸ್ತಕಾನೇ."

ನಾನು ಎಲ್ಲ ಥರ ನೋಡಿದೆ. "ಹಾಳೆ ಹಳೇದಾಗಿದೆ ತಾತ, ಹೊಸ ರಿಜಿಸ್ಟರಿಗೆ ಇಳಿಸಿಕೊಡ್ತೀನಿ" ಅಂದೆ. ಬೇಡ ಅಂದರು. "ಕಣ್ಣಿಗೆ ಆಯಾಸ" ಅಂದೆ. ಡಾಕ್ಟರೇ ಓದಕ್ಕೆ ಹೇಳಿದಾರೆ ಅಂದರು. ಆ ತಿಂಗಳ ಕೊನೇ ದಿನ ಬೀದಿಗೆ ಬೀದಿಯೇ ಬಂದು ಕೂತಿತ್ತು. ತಾತ ಹೊಸ ಕನ್ನಡಕ ಏರಿಸಿ, ಬೇರೆಯವರದ್ದೆಲ್ಲ ದಾಟಿಸಿ, ನೇರ ತಮ್ಮ ಮನೆ ಸಾಲುಗಳಿಗೇ ಬಂದರು. ಗಟ್ಟಿಯಾಗಿ ಓದಿದರು.

"ಜೂನ್. ತಾತ ಟೆಲಿಗ್ರಾಂ ಕಥೆ ಹೇಳಿದರು. ನೀರು ಮೊಳಕಾಲು."

ಹಾಳೆ ತಿರುಗಿತು.

"ಜುಲೈ. ಅದೇ ಕಥೆ. ನೀರು ಸೊಂಟ."

"ಆಗಸ್ಟ್. ಅದೇ. ನೀರು ಎದೆ. ಟೆಲಿಗ್ರಾಂ ಬಾಯಲ್ಲಿ."

"ಸೆಪ್ಟೆಂಬರ್. ಅದೇ. ತಾತ ಈಜಿದರು. ಹೋದ ತಿಂಗಳು ಇಲ್ಲದ ಹಾವು ಈ ತಿಂಗಳು ಬಂತು."

ಯಾರೂ ನಗಲಿಲ್ಲ. ಗೌಡರು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯೋದನ್ನೂ ನಿಲ್ಲಿಸಿದ್ದರು. ನಮ್ಮಪ್ಪ ಎದ್ದುನಿಂತರು.

"ತಾತ, ದೂರು ಅಂತ ನೀವೊಂದು ಮಾತು ಹೇಳಿ ಸಾಕು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಅರಸೀಕೆರೆಗೆ ಹತ್ತಿಸ್ತೀನಿ."

ತಾತ ಕನ್ನಡಕ ತೆಗೆದು ಪಂಚೇಲಿ ಒರೆಸಿಕೊಂಡರು. "ದೂರು ಐತೆ."

ನಾನು ಜಗಲಿ ಇಳಿದು ಚಪ್ಪಲಿ ಹುಡುಕಿದೆ.

"ಆಗಸ್ಟಲ್ಲಿ ಗಂಟಲಮಟ್ಟ ಅಂದಿದ್ದೆ ನಾನು. ಎದೆ ಅಂತ ಬರ್ದವ್ನೆ. ಸರಿ, ಕಳಿಸು ಇವನ್ನ. ಹೊಸದಾಗಿ ಬರೋ ಹುಡುಗನಿಗೆ ಕಥೆ ಮೊದಲಿಂದ ಹೇಳಿ ನಿಧಾನಕ್ಕೆ ಬರೆಸ್ತೀನಿ."

ಗುಮಾಸ್ತರು ಎದ್ದೇಬಿಟ್ಟರು. "ಮೊದಲಿಂದ ಬೇಡ ತಾತ. ಈ ಹುಡುಗನೇ ಇರ್ಲಿ." ಗೌಡರೂ ಅದನ್ನೇ ಅಂದರು. ಅವರ ಹೆಂಡತಿ ನನ್ನ ರಟ್ಟೆ ಹಿಡಿದು ವಾಪಸ್ಸು ಕೂರಿಸಿದರು. ತಾತನ ಮನೆ, ನಮ್ಮನೆ ಬಿಟ್ಟು ಆರು ಮನೆಯೂ ಒಂದೇ ಮಾತಾಡಿದ್ದು ನಾನು ನೋಡಿದ್ದು ಅದೊಂದೇ ಸಲ. ಅಪ್ಪ ಬೇರೆ ದಾರಿ ಕಾಣದೆ ಕೂತರು.

ನಾನು ಪೆನ್ನು ತೆಗೆದೆ. "ಹೊಡೆದುಹಾಕಲ್ಲ ತಾತ, ಕೆಳಗೆ ಸರಿಯಾಗಿ ಬರೀತೀನಿ. ನೀರು ಎಷ್ಟು ಅಂತ ಬರೀಲಿ?"

ತಾತ ಗಂಟಲು ಸರಿಮಾಡ್ಕೊಂಡರು. ಅಷ್ಟರಲ್ಲಿ ಇಷ್ಟು ವರ್ಷದಲ್ಲಿ ಒಂದು ಸಲವೂ ಬಾಯಿ ತೆರೆಯದಿದ್ದ ಅಜ್ಜಿ, ತಾತನ ಹೆಂಡತಿ, ಬಾಗಿಲಿಗೆ ಬಂದು ನಿಂತರು.

"ಈ ತಿಂಗಳು ನಮ್ಮನೆ ವಿಷಯ ನಾನು ಹೇಳ್ತೀನಿ, ಬರ್ಕೊಳಪ್ಪ. ಅವತ್ತು ಇವರು ಟೆಲಿಗ್ರಾಂ ಕೊಟ್ಟು ಬಂದಾಗ ಖಾಕಿ ಪ್ಯಾಂಟು ಒಗೆಯಕ್ಕೆ ತಗೊಂಡೋಳು ನಾನು. ನೆಂದಿರ್ಲಿಲ್ಲ. ಬರೀ ಧೂಳು. ಕೊಡವಿದೆ, ಸರಿಹೋಯ್ತು."