ಅತ್ತೆಯ ಮಂಕಿಗೆ ನಾನು ಕೊಡಿಸಿದ ಮದ್ದುಗಳು

ಮನೇಲಿ ಒಬ್ಬರಿಗೆ ಮನಸ್ಸು ಮಂಕಾದ್ರೆ ಸಾಕು, ಊರಲ್ಲಿರೋರೆಲ್ಲ ವೈದ್ಯರೇ. ಒಬ್ಬರು ಎಣ್ಣೆ ಅಂತಾರೆ, ಒಬ್ಬರು ತಾಯಿತ ಅಂತಾರೆ. ನಮ್ಮ ಮನೇಲೂ ಹಾಗೇ ಆಯ್ತು. ವ್ಯತ್ಯಾಸ ಏನು ಅಂದ್ರೆ, ಅಷ್ಟೂ ಜನರ ಮಾತು ಕೇಳಿ ಓಡಾಡೋಕೆ ನಾನಿದ್ದೆ.

ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ನನ್ನ ತವರು ತೊಂಡೇಬಾವಿ ಕಡೆ. ಕೊಟ್ಟಿದ್ದು ಶಿಡ್ಲಘಟ್ಟದ ಹತ್ತಿರದ ಊರಿಗೆ, ರೇಷ್ಮೆ ಹುಳ ಸಾಕೋ ಮನೆಗೆ. ಮದುವೆಯಾಗಿ ವರ್ಷ ತುಂಬೋದ್ರೊಳಗೆ, 'ಪಾಪ, ಅತ್ತೆ ಮೂವತ್ತು ವರ್ಷ ದುಡಿದಿದ್ದಾರೆ, ಇನ್ನು ಕೂತು ಉಣ್ಣಲಿ' ಅಂತ ಹುಳದ ಕೋಣೆ ಬೀಗದ ಕೈ ಇಸ್ಕೊಂಡು ನನ್ನ ಸೊಂಟಕ್ಕೆ ಸಿಗಿಸ್ಕೊಂಡೆ. ಅತ್ತೆ ಜಗಲಿ ಮೇಲೆ ಕೂತರು. ಕೂತೋರು ಏಳಲೇ ಇಲ್ಲ. ಊಟ ಬೇಡ, ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತೆ ಅಂತಾರೆ. ಎರಡು ತಿಂಗಳಲ್ಲಿ ರವಿಕೆ ತೋಳು ಸಡಿಲ ಆಯ್ತು. ನಮ್ಮನೆಯವರು, "ಅಮ್ಮ ನಮ್ಮ ಕೈ ಬಿಟ್ಟು ಹೋಗ್ತಾಳೇನೇ?" ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು.

"ನಾನಿಲ್ವಾ? ವಾಸಿ ಮಾಡಿಸ್ತೀನಿ, ಸುಮ್ನಿರಿ" ಅಂದೆ.

ನಾಡಿ ಯಾರದು?

ಮೊದಲು ಕರ್ಕೊಂಡು ಹೋಗಿದ್ದು ಅಲೀಪುರದ ಹಕೀಮ್ ಸಾಹೇಬರ ಹತ್ತಿರ. ಬಿಳೀ ಗಡ್ಡ, ಮೆಲ್ಲಗಿನ ಮಾತು. ಅತ್ತೆ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದ್ರು.

"ಹಸಿವು ಆಗ್ತದಾ ಅಮ್ಮ?"

"ಎಲ್ಲಿ ಸಾಹೇಬ್ರೆ, ಅರ್ಧ ಮುದ್ದೇನೂ ಇಳಿಯಲ್ಲ" ಅಂದೆ ನಾನು.

"ನಿದ್ದೆ?"

"ಕೋಳಿ ಕೂಗೋವರೆಗೂ ಹೊರಳಾಡ್ತಾರೆ."

"ಮನಸ್ಸಿಗೆ ಏನಾದ್ರೂ ನೋವು ಇದೆಯಾ?"

"ಏನೂ ಇಲ್ಲ, ರಾಣಿ ಹಾಗೆ ನೋಡ್ಕೊಂಡಿದ್ದೀನಿ."

ಅತ್ತೆ ಬಾಯಿ ತೆರೆಯೋಕೆ ಹೋದ್ರು, ಅಷ್ಟರಲ್ಲಿ ಮುಂದಿನದಕ್ಕೂ ನಾನೇ ಉತ್ತರ ಕೊಟ್ಟಾಗಿತ್ತು. ಸಾಹೇಬರು ಕಣ್ಣು ಬಿಟ್ಟು ನನ್ನನ್ನೇ ನೋಡಿದ್ರು.

"ಬೇಟಿ, ನಾಡಿ ಅವರದು, ಮಾತೆಲ್ಲಾ ನಿಂದು. ಔಷಧಿ ಯಾರಿಗೆ ಕೊಡಲಿ?"

ಗುಲ್ಕನ್ ಕೊಟ್ಟು ಕಳಿಸಿದ್ರು. ಅತ್ತೆ ಮುಟ್ಟಲಿಲ್ಲ. ಕೆಡಬಾರದಲ್ಲ ಅಂತ ಡಬ್ಬೀನ ನಾನೇ ಖಾಲಿ ಮಾಡಿದೆ. ನನಗಂತೂ ಚೆನ್ನಾಗಿ ನಿದ್ದೆ ಬಂತು.

ಕಿವಿಗೆ ಸೂಜಿ

ಆಮೇಲೆ ಯಾರೋ ಹೇಳಿದ್ರು, ಅಂಬಾಜಿದುರ್ಗದ ತಪ್ಪಲಲ್ಲಿ ಒಬ್ಬ ತಾತ ಇದ್ದಾನೆ, ಕಿವಿ ಮೇಲ್ಗಡೆ ತಾಮ್ರದ ಸೂಜಿ ಚುಚ್ಚಿದ್ರೆ ಎದೆಯೊಳಗಿನ ಅಂಜಿಕೆ ಹಾರಿಹೋಗುತ್ತೆ ಅಂತ. ಚಿಂತಾಮಣಿವರೆಗೂ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ತಾತ ಸೂಜಿ ತೆಗೆದದ್ದೇ ಅತ್ತೆ ಮುಖ ಬಿಳಿಚಿಕೊಳ್ತು.

"ಏಮೀ ಕಾದಮ್ಮಾ, ಚೀಮ ಕುಟ್ಟಿನಟ್ಟು" ಅಂದ ತಾತ. ಇರುವೆ ಕಚ್ಚಿದ ಹಾಗಂತೆ, ಏನೂ ಆಗಲ್ವಂತೆ.

"ಅತ್ತೆ, ನನ್ನ ನೋಡಿ ಧೈರ್ಯ ತಗೊಳ್ಳಿ" ಅಂತ ಸೆರಗು ಸರಿಸಿ ನನ್ನ ಕಿವಿ ಮುಂದೆ ಮಾಡಿದೆ. ತಾತ ಚುಚ್ಚಿದ. ಅಷ್ಟೇ ನನಗೆ ನೆನಪಿರೋದು. ಕಣ್ಣು ಬಿಟ್ಟಾಗ ಅತ್ತೆ ತೊಡೆ ಮೇಲೆ ನನ್ನ ತಲೆ ಇತ್ತು, ಅವರು ಸೆರಗಲ್ಲಿ ಗಾಳಿ ಬೀಸ್ತಾ ಇದ್ರು. ಬಸ್ಸಿಗೂ ಅವರೇ ತೋಳು ಹಿಡಿದು ಹತ್ತಿಸಿದ್ರು.

ಕಂಡಕ್ಟರ್ ಕೇಳಿದ, "ಏನಾಗೈತಮ್ಮ ಆಯಮ್ಮನಿಗೆ?"

ಅತ್ತೆ ತಣ್ಣಗೆ ಹೇಳಿದ್ರು, "ನನ್ನ ಸೊಸೆ ಕಣಪ್ಪ. ಎದೆ ಅಂಜಿಕೆ. ತೋರಿಸ್ಕೊಂಡು ಬರೋಕೆ ಹೋಗಿದ್ವಿ."

ಹೊಗೆ

ಮೂರನೇದು ನನ್ನ ತವರಿನ ಕಡೆ ಮಂತ್ರವಾದಿ. "ಮನಸ್ಸಿನ ಮಂಕು ಖಾರದ ಹೊಗೆಗೆ ನಿಲ್ಲಲ್ಲಮ್ಮ" ಅಂತ ರೈಲು ಹತ್ತಿ, ಬಸ್ಸು ಹತ್ತಿ ನಮ್ಮನೆಗೇ ಬಂದ. ಹೊಗೆ ತಾಗಿದ್ರೆ ಹುಳ ಸಾಯ್ತವೆ ಅಂತ ನಮ್ಮೂರಲ್ಲಿ ಹುಳ ಇರೋ ಮನೇಲಿ ಬೀಡಿ ಕೂಡ ಸೇದಲ್ಲ, ಒಗ್ಗರಣೇನೂ ಹಿತ್ತಲಲ್ಲೇ. ತೊಂಡೇಬಾವಿಯವನಿಗೆ ಇದೇನು ಗೊತ್ತು? ನನಗೆ ಗೊತ್ತಿತ್ತು, ಆದ್ರೆ ಕೋಣೆ ಬಾಗಿಲು ಹಾಕಿದೆಯಲ್ಲ, ಒಂದು ಹಿಡಿ ಹೊಗೆಗೆ ಏನಾಗುತ್ತೆ ಅಂದ್ಕೊಂಡೆ. ಹುಳ ಗೂಡು ಕಟ್ಟೋಕೆ ಇನ್ನು ನಾಲ್ಕೇ ದಿನ ಇತ್ತು.

ಅತ್ತೇನ ನಡುಮನೇಲಿ ಕೂರಿಸಿದ. ಕೆಂಡಕ್ಕೆ ಬೇವಿನ ಸೊಪ್ಪು, ಸಾಂಬ್ರಾಣಿ, ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದ. ನಾವೆಲ್ಲ ಕೆಮ್ಮಿದ್ವಿ. ಅತ್ತೆ ಕಲ್ಲಿನ ಹಾಗೆ ಕೂತಿದ್ರು. ಹೊಗೆ ಸುತ್ತಿ ಸುತ್ತಿ ಹುಳದ ಕೋಣೆ ಬಾಗಿಲ ಸಂದಿಗೆ ನುಗ್ಗಿತು. ಅತ್ತೆ ಕಣ್ಣು ಅದರ ಹಿಂದೇನೇ ಹೋಯ್ತು.

"ಯಾವೋನೋ ನೀನು! ಹುಳ ಮೇಯೋ ಹೊತ್ತಲ್ಲಿ ಮನೇಲಿ ಮೆಣಸಿನಕಾಯಿ ಸುಡ್ತೀಯಾ?"

ತಿಂಗಳುಗಟ್ಟಲೆ ಗಾಳಿಗೂ ಕೇಳಿಸದ ಹಾಗೆ ಮಾತಾಡ್ತಿದ್ದ ದನಿ ಪಕ್ಕದ ಬೀದಿಗೂ ಕೇಳಿಸ್ತು. ಎದ್ದವರೇ ಕೆಂಡದ ಮೇಲೆ ಕೊಡದ ನೀರು ಸುರಿದು, ಪೊರಕೆ ಹಿಡಿದ್ರು. ಮಂತ್ರವಾದಿ ಚೀಲ ಬಿಟ್ಟು ಓಟ ಕಿತ್ತ.

"ಕೊಡೇ ಬೀಗದ ಕೈ!"

ಕೊಟ್ಟೆ. ಒಳಗೆ ಹೋಗಿ ಕಿಟಕಿ ತೆಗೆದು, ಸೆರಗಲ್ಲಿ ಗಾಳಿ ಬೀಸಿ, ತಟ್ಟೆ ತಟ್ಟೆ ನೋಡಿದ್ರು. "ಇದೇನೇ, ಎರಡು ತಟ್ಟೆ ಹುಳಾನ ಒಂದರಲ್ಲೇ ತುರುಕಿದ್ದೀಯಾ? ಸೊಪ್ಪು ನೋಡಿದ್ರೆ ಒದ್ದೆ! ಉಸಿರಾಡ್ತವೇನೇ ಕಂದಮ್ಮಗಳು? ನಿನಗೆ ಬೀಗದ ಕೈ ಕೊಟ್ಟೋರ್ಯಾರೇ?"

"ನೀವೇ ಅತ್ತೆ."

"ನಾನೆಲ್ಲಿ ಕೊಟ್ಟೆ? ನೀನು ಇಸ್ಕೊಂಡೆ."

ಹಕೀಮ್ ಸಾಹೇಬರಿಗೆ ಸಿಗದೇ ಇದ್ದ ರೋಗ ನನ್ನ ಸೊಂಟದಲ್ಲೇ ನೇತಾಡ್ತಾ ಇತ್ತು. ನನಗೆ ಅಳು ಬಂತು. ಹೊಗೆ ಅಂತ ಕಣ್ಣೊರೆಸ್ಕೊಂಡೆ. ಅವತ್ತು ಮಧ್ಯಾಹ್ನ ಅತ್ತೆ ಹುಳಗಳಿಗೆ ಸೊಪ್ಪು ಹಾಕಿ ಬಂದು, ಎರಡು ಮುದ್ದೆ ಉಂಡು, ಸಾರಿಗೆ ಉಪ್ಪು ಜಾಸ್ತಿ ಅಂತ ಬೈದ್ರು. ಆ ಬೈಗುಳ ಕೇಳಿ ನಮ್ಮನೆಯವರು ದೇವರಿಗೆ ಕೈ ಮುಗಿದ್ರು. ಹುಳಗಳಿಗೂ ಏನೂ ಆಗಲಿಲ್ಲ, ಗೂಡು ಚೆನ್ನಾಗೇ ಬಂತು. ಬೀಗದ ಕೈ ಮತ್ತೆ ನನ್ನ ಕೈಗೆ ಬಂದಿದ್ದು ಹತ್ತು ವರ್ಷ ಆದ್ಮೇಲೆ, ಅವರೇ ಕರೆದು ಕೊಟ್ಟಾಗ.

ಮಾರನೇ ದಿನ ಮಂತ್ರವಾದಿ ಚೀಲಕ್ಕೆ ಬಂದ. ಹುಣಸೆಮರದ ಮರೇಲಿ ನಿಂತು, "ಆಯಮ್ಮ ಹೇಗಿದ್ದಾರೆ?" ಅಂದ.

"ಪೂರ್ತಿ ವಾಸಿ ಕಣಪ್ಪ" ಅಂದೆ. ಸುಳ್ಳು ಹೇಳೋಕಾಗುತ್ತಾ?

ಅವನ ಹೆಸರು ಗೌರಿಬಿದನೂರಿಂದ ಚಿಕ್ಕಬಳ್ಳಾಪುರದವರೆಗೂ ಹಬ್ಬಿತು. ಆದ್ರೆ ಅಲ್ಲಿಂದಾಚೆ ಯಾರು ಮಂಕಿಗೆ ಮದ್ದು ಮಾಡು ಅಂತ ಕರೆದ್ರೂ ಅವನು ಮೊದಲು ಕೇಳ್ತಿದ್ದದ್ದು ಒಂದೇ: "ಮನೇಲಿ ರೇಷ್ಮೆ ಹುಳ ಇದಾವಾ? ಇಲ್ಲಾಂದ್ರೆ ಮೊದಲು ಹುಳ ತಂದು ಸಾಕಿ, ಆಮೇಲೆ ನನ್ನ ಕರೀರಿ."