ನೂರು ಕಿಲೋ ಎಳೆತ

ಕಾರಿನ ಇಂಜಿನ್ ಬಿಚ್ಚಿ ವಿಮಾನಕ್ಕೆ ಕೂರಿಸಿದ್ದರಲ್ಲಿ ಮೆಕ್ಯಾನಿಕ್‌ನ ತಪ್ಪೇನೂ ಇರಲಿಲ್ಲ. ಆ ಕಾರು ಹೆಂಡತಿಯದ್ದಾಗಿತ್ತು, ಎಡವಟ್ಟಾದದ್ದು ಅಲ್ಲಿ.

ಇಪ್ಪತ್ತೆಂಟು ವರ್ಷ ಕಂಡವರ ಕಾರುಗಳ ಅಡಿಯಲ್ಲಿ ಅಂಗಾತ ಮಲಗಿ ಅವುಗಳ ಹೊಟ್ಟೆಯನ್ನೇ ನೋಡಿದವನು ಅವನು. ಸಾಯುವುದರೊಳಗೆ ಒಮ್ಮೆ ಈ ಬೀದಿಯನ್ನು ಹಾರಾಡುತ್ತ ಮೇಲಿನಿಂದ ನೋಡಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ಅದಕ್ಕಾಗಿ ಶೆಡ್ಡಿನಲ್ಲಿ ಒಂದೇ ಸೀಟಿನ ವಿಮಾನ ಕಟ್ಟಿದ್ದ. ಬೀದಿಯವರು ಅವನಿಗೆ ಪೈಲಟ್ ಎಂದು ಹೆಸರಿಟ್ಟು ನಕ್ಕರು.

ತೊಡಕಿದ್ದದ್ದು ಇಂಜಿನ್ನಿನಲ್ಲಿ. ಕಾರಿನದು ಗಿರ್ರನೆ ತಿರುಗಿದರೆ ಮಾತ್ರ ಶಕ್ತಿ ಕೊಡುತ್ತದೆ. ಆ ವೇಗದಲ್ಲಿ ವಿಮಾನದ ಮೂತಿಯ ಪ್ರೊಪೆಲ್ಲರ್ ಬರೀ ಕಿರುಚುತ್ತದೆ, ಎಳೆಯುವುದಿಲ್ಲ. ನಿಧಾನವಾಗಿ ತಿರುಗುತ್ತಲೇ ಎತ್ತಿನಂತೆ ಎಳೆಯುವ ಇಂಜಿನ್ ಬೇಕು. ಎರಡು ವರ್ಷ ಅವನು ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತಿದ್ದಿದ, ಗಾಳಿಯ ಕೊಳವೆಗಳನ್ನು ಉದ್ದ ಮಾಡಿದ. ಆ ಎರಡು ವರ್ಷವೂ ಹೆಂಡತಿ ಬೀದಿಯ ಕೊನೆಯ ದಿಬ್ಬದ ಮೇಲಿದ್ದ ತಾಯಿಯ ಮನೆಗೆ ನಡೆದೇ ಹೋದಳು. ನಿಜ ಹೇಳಬೇಕೆಂದರೆ, ಇಂಜಿನ್ ಇದ್ದಾಗಲೂ ಆ ಕಾರು ಅರ್ಧ ದಿಬ್ಬಕ್ಕೇ ಕೈಯೆತ್ತುತ್ತಿತ್ತು.

ಆ ದಿನ ಬೆಳಿಗ್ಗೆ ಅವಳು ಕಡ್ಡಿ ಮುರಿದಂತೆ ಹೇಳಿದಳು. "ಇವತ್ತು ನಿಮ್ಮ ಇಂಜಿನ್ನು ನೂರು ಕಿಲೋ ಎಳೆದ್ರೆ ಅದನ್ನ ಇನ್ಯಾವತ್ತೂ ವಾಪಸ್ ಕೇಳಲ್ಲ. ಎಳೀಲಿಲ್ವೋ, ಅದು ಕಾರಿಗೆ ಬರ್ಬೇಕು. ಅಮ್ಮನ್ನ ಮಂಡಿ ಡಾಕ್ಟ್ರಿಗೆ ತೋರಿಸ್ಬೇಕು ರೀ."

ಅವನು ಒಪ್ಪಿದ.

ರೆಕ್ಕೆ ಇನ್ನೂ ಜೋಡಿಸದ ವಿಮಾನವನ್ನು ಬೀದಿಗೆ ತಳ್ಳಿದರು. ಅದರ ಬಾಲಕ್ಕೆ ಹಗ್ಗ, ಹಗ್ಗಕ್ಕೆ ಎಳೆತವನ್ನು ಕಿಲೋದಲ್ಲಿ ತೋರಿಸುವ ಮುಳ್ಳಿನ ತಕ್ಕಡಿ ಕಟ್ಟಿದ್ದಾಯಿತು. ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಲು ಹೋದಾಗ ಎದುರುಮನೆಯ ನಿವೃತ್ತ ಮೇಷ್ಟ್ರು ತಡೆದರು.

"ಕಂಬ ಕಿತ್ಕೊಂಡ್ರೆ ಬೀದಿಗೇ ಕರೆಂಟಿರಲ್ಲ ಕಣಯ್ಯಾ! ಭಾರದ್ದಕ್ಕೆ ಕಟ್ಟು. ನಿನ್ನ ಕಾರಿದೆಯಲ್ಲ?"

ಕಾರಿಗೇ ಕಟ್ಟಿದರು. ಗಾಲಿಯ ಮುಂದೆ ಒಂದು ಕಲ್ಲಿಟ್ಟರು. ಬೇರೆ ಯಾರ ಕಣ್ಣನ್ನೂ ನಂಬದ ಹೆಂಡತಿ, ಮುಳ್ಳು ನೋಡಲು ತಾನೇ ಕಾರಿನೊಳಗೆ ಕೂತಳು.

ಮೆಕ್ಯಾನಿಕ್ ವಿಮಾನದ ಸೀಟಿಗೆ ಹತ್ತಿ ಚಾಲೂ ಮಾಡಿದ, ಇಂಜಿನ್ ಗುಡುಗಿತು. ಪಕ್ಕದ ಮನೆಯ ದರ್ಜಿ ಒಣಹಾಕಿದ್ದ ಲಂಗಗಳೆಲ್ಲ ಮೇಷ್ಟ್ರ ಮಾಳಿಗೆಗೆ ಹಾರಿದವು.

"ಅರವತ್ತು!" ಎಂದು ಹೆಂಡತಿ ಕೂಗಿದಳು. "ಎಂಬತ್ತು!"

"ಅಯ್ಯೋ, ನಿಲ್ಸೋ! ಅವು ಗಿರಾಕಿಗಳ ಬಟ್ಟೆ!" ದರ್ಜಿ ಬಾಯಿ ಬಡಿದುಕೊಂಡ.

"ನೂರು! ರೀ, ನೂರು!"

ಮೆಕ್ಯಾನಿಕ್‌ನ ಕಣ್ಣು ತುಂಬಿ ಬಂತು. ಅದೇ ಗಳಿಗೆಗೆ ಕಲ್ಲು ಪಟ್ಟನೆ ಸಿಡಿಯಿತು, ಕಾರು ಹೊರಟಿತು.

"ಬ್ರೇಕ್ ತುಳಿಯೇ!"

"ಬ್ರೇಕೆಲ್ಲಿದೆ? ಅದನ್ನೂ ವಿಮಾನಕ್ಕೆ ಅಂತ ಬಿಚ್ಕೊಂಡು ಡಬ್ಬಕ್ಕೆ ಹಾಕಿದ್ದೀರಲ್ಲ!"

ಅಷ್ಟರಲ್ಲಿ ದಿಬ್ಬ ಶುರುವಾಗಿತ್ತು. ಈಗ ಇಂಜಿನ್ನಿನ ವೇಗ ಇಳಿಸಿದರೆ ಕಾರು ಹಿಂದಕ್ಕೆ ಜಾರಿ ಅವನನ್ನೂ ಎಳೆದೊಯ್ಯುತ್ತದೆ. ನಿಲ್ಲಿಸುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಹಲ್ಲುಕಚ್ಚಿ ಅದೇ ವೇಗ ಹಿಡಿದ. ಲಂಗ ಹೊತ್ತ ದರ್ಜಿ, ಚಪ್ಪಲಿ ಕಳೆದುಕೊಂಡ ಮೇಷ್ಟ್ರು ಹಿಂದೆ ಓಡಿಬಂದರು. ಅಂತೂ ವಿಮಾನ ನಿಧಾನವಾಗಿ, ಒಮ್ಮೆಯೂ ಏದುಸಿರು ಬಿಡದೆ, ದಿಬ್ಬದ ಮೇಲಿನ ಸಮತಟ್ಟಿಗೆ ಬಂದು ಅತ್ತೆಯ ಗೇಟಿನ ಮುಂದೆ ನಿಂತಿತು.

ಅತ್ತೆ ಗೋಡೆ ಹಿಡಿದುಕೊಂಡು ಹೊರಬಂದರು. ಕಾರನ್ನು ನೋಡಿದರು, ಮಗಳನ್ನು ನೋಡಿದರು. ಅವರ ಮುಖ ಅರಳಿತು. "ತಳ್ಳದೇ ಹತ್ತಿತೇನು ಅಳಿಯಂದಿರೇ?"

ಮೆಕ್ಯಾನಿಕ್ ಕೆಳಗಿಳಿದ. ಅಲ್ಲಿಂದ ಬೀದಿಯೆಲ್ಲ ಕೆಳಗೆ ಕಾಣುತ್ತಿತ್ತು, ಹೆಂಡತಿ ಏನೆನ್ನುತ್ತಾಳೋ ಎಂಬ ಭಯದಲ್ಲಿ ಅವನು ಅತ್ತ ತಿರುಗಲೂ ಇಲ್ಲ. "ನೂರು ಮುಟ್ಟಿದ್ದು ನೀನೇ ನೋಡಿದ್ದೀಯ," ಎಂದ ಮೆಲ್ಲಗೆ.

"ನೋಡ್ದೆ. ನೀವೇ ಗೆದ್ರಿ," ಎಂದಳು ಹೆಂಡತಿ. ತಾಯಿಯ ಕೈಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಕೂರಿಸಿದಳು. "ಕೊಟ್ಟ ಮಾತು ತಪ್ಪಲ್ಲ. ಇಂಜಿನ್ನು ನಿಮ್ಮ ವಿಮಾನದಲ್ಲೇ ಇರ್ಲಿ, ನಾನು ವಾಪಸ್ ಕೇಳಲ್ಲ."

ಅವನು ನಿರಾಳವಾಗಿ ಬಾಲದ ಗಂಟಿಗೆ ಕೈ ಹಾಕಿದ.

"ಆ ಬ್ರೇಕ್ ಡಬ್ಬ ತಂದು ಕಾರಿಗೆ ಜೋಡಿಸಿ, ಡಾಕ್ಟ್ರು ಐದು ಗಂಟೆಗೆ ಕ್ಲಿನಿಕ್ಕಿಗೆ ಬರ್ತಾರೆ," ಎಂದಳು ಅವಳು ಬಾಗಿಲು ಹಾಕಿಕೊಳ್ಳುತ್ತ. "ಹಗ್ಗ ಮಾತ್ರ ಬಿಚ್ಬೇಡಿ."